ಅವಧಿ ಮೀರಿದ ವೀಸಾ

ಮಳೆಯನ್ನೇ ನಂಬಿದ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಿಂದ ತರುಣನೊಬ್ಬನು ಹೊಟ್ಟೆಪಾಡಿಗಾಗಿ ದುಬೈಗೆ ಹೊರಟರೆ ನಾವು ತಪ್ಪೆನ್ನಲಾರೆವು. ಆದರೆ ಕೆಲಸದ ವೀಸಾ ದೊರಕಿಸದೆ ಪ್ರವಾಸಿ ವೀಸಾದ ಮೇಲೆ ಅವನನ್ನು ಸಾಗಹಾಕುವ ದಲಾಲನ ನಡತೆಯು ಖಂಡನೀಯವಾದುದು. ಹತ್ತನೆಯ ಇಯತ್ತೆ ಪಾಸಾಗದವರು ಕೊಲ್ಲಿ ದೇಶಗಳಿಗೆ ದುಡಿಯಹೋಗಲು ಸರಕಾರದ ಅನುಮತಿ ಬೇಕೆಂಬುದು 1983ರ ವಲಸೆ ಕಾಯಿದೆಯಿಂದ ಬಂದ ಕಟ್ಟಳೆ. ಪ್ರವಾಸಿಯ ವೇಷವು ಅದನ್ನು ತಪ್ಪಿಸುವ ಹಂಚಿಕೆಯಲ್ಲದೆ ಬೇರೆಯಲ್ಲ.

ಇದರ ಫಲವನ್ನು ಉಣ್ಣುವವನು ಆ ತರುಣನೇ. ವೀಸಾದ ಅವಧಿ ತೀರಿದ ಬಳಿಕ ಅಲ್ಲಿ ದಿನಕ್ಕೆ 50 ದಿರಹಮ್ ದಂಡ. ವರ್ಷವೊಂದಕ್ಕೆ 18,250 ದಿರಹಮ್, ಎಂದರೆ ನಾಲ್ಕು ಲಕ್ಷ ರೂಪಾಯಿಗಳಿಗೂ ಮಿಕ್ಕ ಹಣ. ದಂಡ ತೆರದೆ ವಿಮಾನವೇರುವಂತಿಲ್ಲ. ವಿಮಾನವೇರದೆ ದಂಡ ನಿಲ್ಲುವದಿಲ್ಲ. ಅಂಜಿ ಅಡಗಿದವನ ಋಣವು ಅಡಗುವದಿಲ್ಲ, ಬೆಳೆಯುವದು.

2024ರ ಸಪ್ಟೆಂಬರ 1ರಿಂದ ಡಿಸೆಂಬರ 31ರ ವರೆಗೆ ಅಲ್ಲಿಯ ಸರಕಾರವು ದಂಡವನ್ನು ಮನ್ನಾ ಮಾಡಿ, ಮರುಪ್ರವೇಶಕ್ಕೆ ಅಡ್ಡಿಯಿಲ್ಲದಂತೆ ನಿರ್ಗಮನಪತ್ರಗಳನ್ನಿತ್ತಿತು. ಅಂಥ ಕ್ಷಮಾವಧಿಯು ಮೇಲಿಂದ ಮೇಲೆ ಬಾರದು. ಆದುದರಿಂದ ಅವಧಿ ಮೀರಿದವನು ಸಿಕ್ಕಿಬೀಳುವ ಮೊದಲೇ ವಲಸೆ ಕಚೇರಿಗೆ ತಾನಾಗಿ ಹೋಗಿ ಲೆಕ್ಕ ತೀರಿಸುವದು ಮೇಲು. ಪಾಸಪೋರ್ಟು ಕಳೆದಿದ್ದರೆ ಭಾರತದ ದೂತಾವಾಸದಲ್ಲಿ ತುರ್ತು ಪ್ರಮಾಣಪತ್ರ ಬೇಡತಕ್ಕದ್ದು.

ಆದರೂ ರೋಗದ ಮೂಲವಿರುವದು ನಮ್ಮಲ್ಲಿಯೇ. ಪರವಾನಿಗೆಯುಳ್ಳ ಏಜಂಟರ ಯಾದಿಯನ್ನು ಪ್ರತಿಯೊಂದು ತಾಲೂಕು ಕಚೇರಿ, ಗ್ರಾಮಪಂಚಾಯತಿಗಳ ಗೋಡೆಗೆ ಹಚ್ಚಿಸಲು ಜಿಲ್ಲಾಡಳಿತಕ್ಕೆ ಹೆಚ್ಚಿನ ಖರ್ಚಿಲ್ಲ. ಲಾಭ ದಲಾಲನಿಗೆ, ದಂಡ ರೈತನ ಮಗನಿಗೆ ಎಂಬ ಈ ಅನ್ಯಾಯವನ್ನು ಅಧಿಕಾರಿಗಳು ಇನ್ನಾದರೂ ಕೊನೆಗಾಣಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.