ಪುಕ್ಕಟೆ ಪರೀಕ್ಷೆಯ ಬೆಲೆ

1905ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದಾಗ ಅದು ಜನರಿಗೊಂದು ಸೋಜಿಗವಾಗಿತ್ತು. ಇಂದು ವಿದ್ಯುತ್ತಿಲ್ಲದ ಮನೆಯನ್ನು ನಗರದಲ್ಲಿ ಹುಡುಕಬೇಕು. ಗೋಡೆಯೊಳಗೆ ಕಾಣದಂತೆ ಹರಿಯುವ ಈ ಶಕ್ತಿಯ ಉಪಕಾರವನ್ನು ಎಲ್ಲರೂ ಬಲ್ಲರು. ಅದರ ಸ್ವಭಾವವನ್ನು ಬಲ್ಲವರು ವಿರಳ. ಈ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡಿರುವ ಕೆಲವು ಕಂಟ್ರಾಕ್ಟರರ ವಿಷಯದಲ್ಲಿ ವಾಚಕ ಮಹಾಶಯರನ್ನು ಎಚ್ಚರಿಸುವುದು ನಮ್ಮ ಕರ್ತವ್ಯವಾಗಿದೆ.

ಅವರ ಕ್ರಮವು ಹೀಗಿದೆ. ಮನೆಯ ವೈರಿಂಗನ್ನು ಪುಕ್ಕಟೆಯಾಗಿ ಪರೀಕ್ಷಿಸಿಕೊಡುವೆವೆಂದು ಮೊದಲು ಜಾಹೀರಾತು ಬರುತ್ತದೆ. ಅದರಲ್ಲಿ ‘ಸರ್ಕಾರದ ಮಾನ್ಯತೆ’ ಎಂಬ ಮಾತು ದಪ್ಪಕ್ಷರದಲ್ಲಿರುತ್ತದೆ. ಬಂದ ಮನುಷ್ಯನು ಕೈಯ ಟೆಸ್ಟರನ್ನು ತಂತಿಯ ಬಳಿ ಹಿಡಿಯುತ್ತಾನೆ. ಅದು ಕಿರ್‌ ಎನ್ನುತ್ತದೆ. “ಲೀಕೇಜ್ ಇದೆ, ಇಂದೇ ಬದಲಾಯಿಸದಿದ್ದರೆ ಪ್ರಾಣಾಪಾಯ” ಎಂದು ಗೃಹಿಣಿಯ ಮುಂದೆ ಹೇಳುತ್ತಾನೆ. ತಂತಿಯನ್ನು ಮುಟ್ಟದೆಯೇ ಸದ್ದು ಮಾಡುವ ಆ ಉಪಕರಣವು, ಹೊದಿಕೆ ಸುಸ್ಥಿತಿಯಲ್ಲಿದ್ದರೂ, ವಿದ್ಯುತ್ತಿರುವ ತಂತಿಯ ಸಮೀಪದಲ್ಲಿ ಕೂಗಿಯೇ ಕೂಗುತ್ತದೆ. ತಂತಿಯಲ್ಲಿ ವಿದ್ಯುತ್ತಿದೆಯೆಂಬುದಕ್ಕೆ ಅದು ಸಾಕ್ಷಿಯೇ ಹೊರತು ಸೋರಿಕೆಗೆ ಸಾಕ್ಷಿಯಲ್ಲ. ಆದರೆ ಹೆದರಿದ ಗೃಹಸ್ಥನಿಗೆ ಈ ವಿವೇಚನೆ ಎಲ್ಲಿಂದ ಬರಬೇಕು? ಸಂಜೆಯೊಳಗೆ ಸಾವಿರಾರು ರೂಪಾಯಿಗಳ ಕೆಲಸಕ್ಕೆ ಒಪ್ಪಿಗೆಯಾಗಿರುತ್ತದೆ. ರೋಗವನ್ನು ನಿರ್ಣಯಿಸುವವನೇ ಔಷಧವನ್ನೂ ಮಾರುವವನಾದರೆ ಆರೋಗ್ಯವಂತರು ಊರಿನಲ್ಲಿ ಉಳಿಯುವುದೆಂತು?

ಪರೀಕ್ಷೆಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಹಳೆಯ ಮನೆಗಳ ವೈರಿಂಗು ಜೀರ್ಣವಾಗುವುದುಂಟು, ಅರ್ಥಿಂಗ್ ಕೆಡುವುದುಂಟು, ಇದರಿಂದ ಪ್ರಾಣಗಳು ಹೋಗುವುದೂ ಉಂಟು. ಎಂಸಿಬಿಯು ಮಿತಿಮೀರಿದ ಪ್ರವಾಹದಿಂದ ತಂತಿಯನ್ನು ಕಾಪಾಡುವುದೇ ಹೊರತು ಷಾಕ್ ತಗುಲಿದ ಮನುಷ್ಯನನ್ನು ಕಾಪಾಡಲಾರದು. ಅದಕ್ಕೆ 30 ಮಿಲಿ ಆಂಪಿಯರ್ ಸೋರಿಕೆಗೇ ಪ್ರವಾಹವನ್ನು ಕಡಿಯುವ ಆರ್‌ಸಿಸಿಬಿ ಬೇಕು. ಸುಳ್ಳು ಪರೀಕ್ಷಕರಿಂದ ಒಮ್ಮೆ ಮೋಸಹೋದವನು ನಾಳೆ ಪ್ರಾಮಾಣಿಕನಾದ ಕೆಲಸಗಾರನ ನಿಜವಾದ ಎಚ್ಚರಿಕೆಯನ್ನೂ ನಂಬದೆ ಹೋಗುವನು. ಹಣದ ನಷ್ಟಕ್ಕಿಂತ ಈ ಅಪನಂಬಿಕೆಯೇ ಹೆಚ್ಚು ಭಯಂಕರವಾದುದು.

ಆದುದರಿಂದ ಗೃಹಸ್ಥರು ಮೂರು ವಿಷಯಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಲೈಸೆನ್ಸನ್ನು ಕೇಳಿ ನೋಡಬೇಕು. ಮತ್ತು ಕಂಟ್ರಾಕ್ಟರನ ಲೈಸೆನ್ಸು ಕೆಲಸಮಾಡಲು ಕೊಟ್ಟ ಅನುಮತಿಯೇ ಹೊರತು ಸರ್ಕಾರದ ಪರವಾಗಿ ತೀರ್ಪು ಹೇಳುವ ಅಧಿಕಾರವಲ್ಲವೆಂಬುದನ್ನು ಮರೆಯಬಾರದು. ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಯು ಸರಕು ಮಾರಲು ಬರುವುದಿಲ್ಲ. ಎರಡನೆಯದಾಗಿ, ಬಾಯಿಮಾತನ್ನು ಒಪ್ಪದೆ ಅಂಕಿಗಳನ್ನು ಬರೆಯಿಸಿಕೊಳ್ಳಬೇಕು. ವೈರಿಂಗಿನ ಇನ್ಸುಲೇಷನ್ ನಿರೋಧವನ್ನು 500 ವೋಲ್ಟಿನ ಮೆಗ್ಗರಿನಿಂದ ಅಳೆಯಬಹುದು. ಅದು 1 ಮೆಗಾ ಓಮಿಗಿಂತ ಕಡಮೆಯಿರಬಾರದು. ಅರ್ಥಿಂಗಿಗೂ ಅಳತೆಯುಂಟು. ಅಳೆಯದೆ ಹೆದರಿಸುವವನನ್ನು ಬಾಗಿಲಿನಿಂದಲೇ ಕಳುಹಿಸಬಹುದು. ಮೂರನೆಯದಾಗಿ, ಪರೀಕ್ಷಿಸಿದವನಿಗೆ ಅವನ ಶ್ರಮದ ಶುಲ್ಕವನ್ನು ಕೊಟ್ಟು, ದುರಸ್ತಿಯನ್ನು ಬೇರೊಬ್ಬನಿಂದ ಮಾಡಿಸುವುದು ಕ್ಷೇಮ.

ಅಧಿಕಾರಿಗಳಿಗೂ ನಾವು ಒಂದು ಮಾತನ್ನು ಬಿನ್ನವಿಸುವೆವು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕುಗಳಂತೆ ಸೇವೆಗಳ ಕುರಿತಾದ ದಾರಿತಪ್ಪಿಸುವ ಜಾಹೀರಾತುಗಳಿಗೂ ಅನ್ವಯಿಸುತ್ತದೆ. ಇಂತಹ ದೂರುಗಳನ್ನು ವಿಚಾರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟಿದೆ. ದೂರು ಬರಲೆಂದು ಕಾದು ಕುಳಿತಿರುವುದು ಸಾಲದು. ಲೈಸೆನ್ಸು ಪಡೆದವರ ಪಟ್ಟಿಯನ್ನು ಪ್ರತಿಯೊಂದು ವಿದ್ಯುತ್ ಕಛೇರಿಯ ಬಾಗಿಲಿನಲ್ಲಿ ಕನ್ನಡದಲ್ಲಿ ಅಂಟಿಸಿದರೆ ಅರ್ಧ ಮೋಸವು ತಾನಾಗಿ ಅಡಗುವುದು. ಜಾಹೀರಾತಿನ ಹಣವನ್ನು ಪಡೆಯುವ ಪತ್ರಿಕೆಗಳೂ ತಮ್ಮ ಹೊಣೆಯನ್ನು ಮರೆಯಲಾಗದು; ಪ್ರಕಾಶಕನನ್ನೂ ಕಾನೂನು ಪೂರ್ತಿಯಾಗಿ ಬಿಟ್ಟಿಲ್ಲ. ನಾವು ಇದನ್ನು ಇತರರಿಗೆ ಹೇಳುವಾಗ ನಮಗೂ ಹೇಳಿಕೊಳ್ಳುತ್ತಿದ್ದೇವೆ.

ಭಯವನ್ನು ಮಾರುವುದು ಉದ್ಯಮವಲ್ಲ. ಪರೀಕ್ಷೆ ನಡೆಯಲಿ, ಅದಕ್ಕೆ ನ್ಯಾಯವಾದ ಬೆಲೆಯೂ ಸಲ್ಲಲಿ. ಆದರೆ ಪುಕ್ಕಟೆಯ ಹೆಸರಿನಲ್ಲಿ ಬಡವನ ಉಳಿತಾಯವು ಸುಲಿಗೆಯಾಗದಿರಲಿ.