ಗ್ರೇನಿಗೂ ಒಬ್ಬ ಡೂಪು!

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಹೀರುತ್ತಾ ನಿಂತಿದ್ದೆ. ಪಕ್ಕದ ಹುಡುಗ ಮೊಬೈಲಿನಲ್ಲಿ ಹಳೇ ಕಪ್ಪು-ಬಿಳುಪು ಚಿತ್ರ ನೋಡ್ತಿದ್ದ.

‘ಇಡೀ ಪಿಕ್ಚರು ಬರೀ 400 ಎಂಬಿ ಸಾರ್! ಎಷ್ಟು ಕ್ಲೀನಾಗಿದೆ ನೋಡಿ’ ಅಂತ ನನ್ನ ಮುಖಕ್ಕೇ ಹಿಡಿದ.

ನೋಡಿದೆ. ನಾಯಕಿಯ ಕೆನ್ನೆ ಮೇಣದ ಗೊಂಬೆಯ ಕೆನ್ನೆ! ಸೀರೆಯ ನೇಯ್ಗೆ ಮಾಯ!

‘ಕ್ಲೀನಲ್ಲಪ್ಪ, ಚಿತ್ರದ ಚರ್ಮ ಸುಲಿದಿದ್ದಾರೆ’ ಅಂದೆ. ಹುಡುಗ ಕಣ್ಣು ಕಣ್ಣು ಬಿಟ್ಟ.

ಗೆಳೆಯರೇ, ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ತೆರೆಯ ಮೇಲೆ ಸಣ್ಣ ಮರಳಿನಂತೆ ಮಿಣಮಿಣ ಕುಣಿಯುತ್ತಲ್ಲ, ಅದೇ ಗ್ರೇನ್. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ, ನಮ್ಮ ಮೈಸೂರಿನ ವಿ. ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಬೆಳಕಿನ ಕೋಲು ಇಳಿಸಿದ್ದು ಈ ಕಣಗಳ ಮೇಲೇ!

ಇನ್ನು ಲೆಕ್ಕಕ್ಕೆ ಬನ್ನಿ. ಸೆಕೆಂಡಿಗೆ 24 ಫ್ರೇಮು. ಎರಡೂವರೆ ಗಂಟೆಯ ಚಿತ್ರಕ್ಕೆ 2,16,000 ಫ್ರೇಮು. 1920×1080 ಚುಕ್ಕಿಗಳ ಅಳತೆಯಲ್ಲಿ, ಬಣ್ಣ ಸಹಿತ, ಇದ್ದದ್ದು ಇದ್ದಂತೆ ಇಟ್ಟರೆ 1,300 ಜಿಬಿಗೂ ಮೇಲೆ! ಯಾವ ಮೊಬೈಲು ತಡೆಯುತ್ತೆ? ಅದಕ್ಕೇ ಕುಗ್ಗಿಸುವುದು. ಹಿಂದಿನ ಫ್ರೇಮಿನ ಗೋಡೆ ಈಗಲೂ ಅಲ್ಲೇ ಇದ್ದರೆ ಅದನ್ನು ಮತ್ತೆ ಬರೆಯೋದಿಲ್ಲ. ‘ಮೊದಲಿನಂತೆಯೇ’ ಅಂತ ಗುರುತು ಹಾಕಿ ಮುಂದೆ ಹೋಗ್ತಾರೆ. ಆದರೆ ಗ್ರೇನ್ ಮಹಾ ತುಂಟ. ಈ ಫ್ರೇಮಿನಲ್ಲಿದ್ದ ಹಾಗೆ ಮುಂದಿನದರಲ್ಲಿ ಇರೋದಿಲ್ಲ. ಬರೆದರೆ ಫೈಲು ಊದುತ್ತೆ, ಉಜ್ಜಿದರೆ ಮುಖ ಮೇಣವಾಗುತ್ತೆ!

ಇಲ್ಲೇ ಬರ್ತಾನೆ ನೋಡಿ ಡೂಪು. ಅಲಯನ್ಸ್ ಫಾರ್ ಓಪನ್ ಮೀಡಿಯಾ ಎಂಬ ಒಕ್ಕೂಟ 2018ರಲ್ಲಿ ಎವಿ1 ಎಂಬ ಕುಗ್ಗಿಸುವ ವಿಧಾನ ಹೊರತಂದಿತು. ಅದರಲ್ಲಿ ಹೀಗೊಂದು ಉಪಾಯವಿದೆ. ಮೊದಲು ಗ್ರೇನ್ ಸೋಸಿ ತೆಗೆಯುತ್ತಾರೆ. ಆದರೆ ಅದರ ಚಹರೆಯನ್ನು ಒಂದು ಚೀಟಿಯಲ್ಲಿ ಬರೆದಿಡ್ತಾರೆ: ಕಾಳು ಎಷ್ಟು ದಪ್ಪ, ಬೆಳಕಿನಲ್ಲಿ ಎಷ್ಟು ಜೋರು, ಕತ್ತಲಲ್ಲಿ ಎಷ್ಟು. ಸೋಸಿದ ಚಿತ್ರ ಸುಲಭವಾಗಿ ಕುಗ್ಗುತ್ತೆ. ಜೊತೆಗೆ ಚೀಟಿಯೂ ಹೊರಡುತ್ತೆ. ನಿಮ್ಮ ಮೊಬೈಲು ಆ ಚೀಟಿ ಓದಿ, ಗ್ರೇನಿನ ಒಂದು ಮಾದರಿ ತಾನೇ ತಯಾರಿಸಿ, ಅದರಿಂದ 32×32 ಚುಕ್ಕಿಯ ತುಂಡುಗಳನ್ನು ಅಲ್ಲಿಂದ ಇಲ್ಲಿಂದ ಎತ್ತಿ ಚಿತ್ರದ ಮೇಲೆ ಹರಡುತ್ತೆ. ಕೆನ್ನೆಗೆ ಜೀವ ವಾಪಸ್!

‘ಹಾಗಾದ್ರೆ ಅದು ಅಸಲಿ ಗ್ರೇನ್ ಅಲ್ವಲ್ಲ ಸಾರ್. ಮೋಸ ತಾನೇ?’ ಅಂದ ಹುಡುಗ.

ಭಲೇ! ಕೇಳಬೇಕಾದ್ದೇ ಅದು. ಹೌದು, ಒಂದು ಕಣವೂ ಅಸಲಿಯಲ್ಲ. ಆದರೆ ಹೀರೋ ಬದಲು ಡೂಪು ಮಹಡಿಯಿಂದ ಹಾರಿದಾಗ ನಾವು ಶಿಳ್ಳೆ ಹೊಡೆಯಲಿಲ್ಲವೇ? ಎತ್ತರ, ಮೈಕಟ್ಟು, ನಡಿಗೆ ಹೊಂದಿದರೆ ಸಾಕು, ಕಣ್ಣು ಒಪ್ಪುತ್ತೆ. ನಿಮ್ಮ ಡೇಟಾ ಪ್ಯಾಕೂ ಉಳಿಯುತ್ತೆ.

ನನ್ನ ಭಯ ಬೇರೆಯೇ. ಸೋಸುವಾಗ ಕೈ ಜೋರಾದರೆ ಗ್ರೇನಿನ ಜೊತೆ ಸೀರೆಯ ನೇಯ್ಗೆ, ಮಳೆಯ ಹನಿ ಎಲ್ಲಾ ಹೊರಟುಹೋಗುತ್ತೆ. ಅವುಗಳ ವಿಷಯ ಆ ಚೀಟಿಯಲ್ಲಿ ಇರೋದಿಲ್ಲ. ‘ಸಣ್ಣ ಫೈಲು ಇದೆಯಲ್ಲ’ ಅಂತ ಯಾರಾದರೂ ಮೂಲ ನೆಗೆಟಿವನ್ನೇ ಗುಜರಿಗೆ ಹಾಕಿದರೋ, ಮುಗಿಯಿತು ಕಥೆ! ಡೂಪು ಫೈಟ್ ಮಾಡಲಿ, ಬೇಡ ಅನ್ನೋಲ್ಲ. ಹಾಗಂತ ಹೀರೋನನ್ನೇ ಮನೆಗೆ ಕಳಿಸಿಬಿಡೋದೇ?

ಅಷ್ಟರಲ್ಲಿ ಬಸ್ಸು ಬಂತು. ಹುಡುಗ ಹತ್ತಿ ಕಿಟಕಿಯಿಂದ ಕೂಗಿದ: ‘ಸಾರ್, ಇದನ್ನ ಡಿಲೀಟ್ ಮಾಡ್ತೀನಿ. ಚರ್ಮ ಇರೋದನ್ನ ಹುಡುಕ್ತೀನಿ!’

ನನ್ನ ಕಾಫಿ ಆರಿಹೋಗಿತ್ತು. ಆದರೂ ರುಚಿ ಅನಿಸಿತು!