ಬೆಂಜೀನ್ ಉಂಗುರ ಮತ್ತು ಕಾಡಿನ ದರಕು

ವಿಷಮುಕ್ತ ಕೃಷಿಯ ಸಭೆಗಳಲ್ಲಿ ಬೆಂಜೀನಿನ ಹೆಸರು ಕೇಳಿದೊಡನೆ ಅದನ್ನು ಕಾರ್ಖಾನೆಯ ಪಿಡುಗೆಂದು ತೀರ್ಮಾನಿಸುವುದು ವಾಡಿಕೆ. ಬೆಂಜೀನ್ ದ್ರವ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂಬುದು ನಿಜ. ಆದರೆ ಆ ಅಣುವಿನಲ್ಲಿರುವ ಆರು ಇಂಗಾಲಗಳ ಉಂಗುರ ಕಾಡಿನ ಪ್ರತಿ ಮರದ ಕಟ್ಟಿಗೆಯಲ್ಲೂ ಇದೆ. ಈ ಭೇದವನ್ನು ಅರಿಯದ ಚಳವಳಿ, ಕೀಟನಾಶಕ ಮಾರುವವರ ಮೊದಲ ಪ್ರಶ್ನೆಗೇ ನಿರುತ್ತರವಾಗುತ್ತದೆ.

ಮೈಕೆಲ್ ಫ್ಯಾರಡೆ 1825ರಲ್ಲಿ ಬೇರ್ಪಡಿಸಿದ ಬೆಂಜೀನಿಗೆ ಉಂಗುರದ ರೂಪ ಸೂಚಿಸಿದವರು ಕೆಕುಲೆ, 1865ರಲ್ಲಿ. ಒಂದು ಬಿಟ್ಟು ಒಂದರಂತೆ ಮೂರು ಏಕಬಂಧ, ಮೂರು ದ್ವಿಬಂಧ. ಪಠ್ಯಪುಸ್ತಕಗಳು ಇಂದಿಗೂ ಹೀಗೆಯೇ ಚಿತ್ರಿಸುತ್ತವೆ. ಹಾಗಿದ್ದರೆ ಬಂಧಗಳ ಉದ್ದ ಎರಡು ಬಗೆಯದಾಗಿರಬೇಕಿತ್ತು: ಏಕಬಂಧಕ್ಕೆ 1.54 ಆಂಗ್‌ಸ್ಟ್ರಾಂ, ದ್ವಿಬಂಧಕ್ಕೆ 1.34. ಅಳೆದರೆ ಆರೂ ಬಂಧಗಳು ಸುಮಾರು 1.39! ಪ್ರತಿ ಇಂಗಾಲವೂ ಒಂದೊಂದು ಎಲೆಕ್ಟ್ರಾನನ್ನು ಒಪ್ಪಿಸಿದ್ದು, ಆ ಆರೂ ಉಂಗುರದ ಮೇಲೂ ಕೆಳಗೂ ಹರಡಿ, ಊರೊಟ್ಟಿನ ಗೋಮಾಳದಂತೆ ಎಲ್ಲ ಇಂಗಾಲಗಳ ಸ್ವತ್ತಾಗಿವೆ. ಈ ಹಂಚಿಕೆಯಿಂದ ದೊರಕುವ ಸ್ಥಿರತೆ ಮೋಲೊಂದಕ್ಕೆ ಸುಮಾರು 150 ಕಿಲೋಜೂಲ್. ಉಂಗುರ ಸುಲಭವಾಗಿ ಒಡೆಯದಿರುವುದು ಇದರಿಂದಲೇ.

ಮರಕ್ಕೆ ಬೇಕಾದದ್ದೂ ಈ ಗಟ್ಟಿತನವೇ. ಕಟ್ಟಿಗೆಗೆ ಬಿಗಿ ನೀಡುವ ಲಿಗ್ನಿನ್ ಇಂಥ ಉಂಗುರಗಳ ಜಾಲ. ಅದಕ್ಕಂಟಿದ ಆಮ್ಲಜನಕ ಉಂಗುರಕ್ಕೆ ಎಲೆಕ್ಟ್ರಾನುಗಳನ್ನು ಒದಗಿಸುತ್ತದೆ. ದರಕಿನಡಿಯ ಕೆಲವು ಶಿಲೀಂಧ್ರಗಳು ಅವುಗಳಲ್ಲೊಂದನ್ನು ಕಿತ್ತು, ಬಳಿಕ ಉಂಗುರವನ್ನೇ ಒಡೆದು ಮಣ್ಣಾಗಿಸುತ್ತವೆ. ಕ್ಲೋರಿನ್ ಇದಕ್ಕೆ ವಿರುದ್ಧವಾಗಿ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುತ್ತದೆ. ಶಿಲೀಂಧ್ರದ ಕಿಣ್ವಕ್ಕೆ ಹಿಡಿತ ಸಿಗದು.

ಆರೂ ಮೂಲೆಗಳಿಗೆ ಕ್ಲೋರಿನ್ ಸೇರಿಸಿದರೆ ಆಗುವುದು ಹೆಕ್ಸಾಕ್ಲೋರೋಬೆಂಜೀನ್, ಒಂದು ಕಾಲದ ಬೀಜೋಪಚಾರದ ಶಿಲೀಂಧ್ರನಾಶಕ. (ಹಿಂದೆ ಗದ್ದೆಗಳಿಗೆ ಎರಚುತ್ತಿದ್ದ ಬಿಎಚ್‌ಸಿ ಪುಡಿ ಬೇರೆ; ಅದರಲ್ಲಿ ಬೆಂಜೀನಿನ ಎಲೆಕ್ಟ್ರಾನ್ ಹಂಚಿಕೆಯೇ ಉಳಿದಿಲ್ಲ. ಹೆಸರಿನ ಹೋಲಿಕೆಯಿಂದ ಬಲ್ಲವರೂ ಎಡವುತ್ತಾರೆ.) ಆಗ್ನೇಯ ಟರ್ಕಿಯಲ್ಲಿ 1950ರ ದಶಕದ ಉತ್ತರಾರ್ಧದಲ್ಲಿ, ಈ ರಾಸಾಯನಿಕ ಲೇಪಿಸಿದ ಬಿತ್ತನೆಯ ಗೋಧಿಯನ್ನು ರೊಟ್ಟಿಗೆ ಬಳಸಿದ ಸಾವಿರಾರು ಜನ ಪೋರ್ಫೈರಿಯಾ ರೋಗಕ್ಕೆ ತುತ್ತಾದರು. ಬಿಸಿಲು ಬಿದ್ದ ಚರ್ಮ ಬೊಬ್ಬೆಯೆದ್ದಿತು. ವಿಷ ತಾಯಂದಿರ ಹಾಲಿಗೂ ಇಳಿದು ಹಸುಗೂಸುಗಳು ಸತ್ತವು. 2001ರ ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಹನ್ನೆರಡರ ಪಟ್ಟಿಗೆ ಈ ರಾಸಾಯನಿಕ ಸೇರಿತು. ಭಾರತ ಆ ಒಪ್ಪಂದವನ್ನು ಸ್ಥಿರೀಕರಿಸಿದ್ದು 2006ರಲ್ಲಿ.

ಆದುದರಿಂದ ತೋಟಕ್ಕೆ ಬರುವ ಪ್ರತಿ ಹೊಸ ‘ಔಷಧಿ’ಯ ಬಗ್ಗೆ, ಅದು ರಾಸಾಯನಿಕವೇ ಎಂದು ಕೇಳಿ ಸುಮ್ಮನಾಗುವುದು ಸಾಲದು. ಈ ಅಣುವನ್ನು ಮಣ್ಣಿನಲ್ಲಿ ಒಡೆಯುವ ಜೀವಿ ಯಾವುದು, ಅದಕ್ಕೆ ಎಷ್ಟು ದಿನ ಬೇಕು, ಅಷ್ಟರಲ್ಲಿ ಮಲೆನಾಡಿನ ಮಳೆ ಅದನ್ನು ಯಾವ ಹಳ್ಳಕ್ಕೆ ಒಯ್ದಿರುತ್ತದೆ ಎಂಬುದಕ್ಕೆ ಕಂಪನಿಯವರಿಂದ ಲಿಖಿತ ಉತ್ತರ ಪಡೆಯಬೇಕು.